ಪ್ರಿಡಿಕ್ಟಿವ್ ಮೇಂಟೆನೆನ್ಸ್ ಎಂದರೇನು? ಒಂದು ಬೇರಿಂಗಿನ ಲೆಕ್ಕದಲ್ಲಿ

ಯಂತ್ರ ಕೆಟ್ಟ ಮೇಲೆ ರಿಪೇರಿಗೆ ಇಳಿಯುವುದು ಬ್ರೇಕ್‌ಡೌನ್ ಮೇಂಟೆನೆನ್ಸ್. ಇಷ್ಟು ತಿಂಗಳಾಯಿತು, ಇಷ್ಟು ಗಂಟೆ ಓಡಿತು ಎಂದು ಲೆಕ್ಕ ಹಿಡಿದು ಬಿಚ್ಚಿ ಭಾಗ ಬದಲಿಸುವುದು ಪ್ರಿವೆಂಟಿವ್, ಅಂದರೆ ಶಾಪ್‌ಫ್ಲೋರಿನಲ್ಲಿ ಎಲ್ಲರೂ ಹೇಳುವ ‘ಪಿಎಂ’. ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂದು ಅಳೆದು, ಯಾವಾಗ ಕೈಕೊಡಬಹುದು ಎಂದು ಅಂದಾಜು ಮಾಡಿ, ಅದಕ್ಕೂ ಮೊದಲೇ ನಮಗೆ ಅನುಕೂಲವಾದ ದಿನ ನಿಲ್ಲಿಸಿ ಸರಿಪಡಿಸುವುದು ಪ್ರಿಡಿಕ್ಟಿವ್ ಮೇಂಟೆನೆನ್ಸ್. ಸೆನ್ಸರ್, ವೈರ್‌ಲೆಸ್, ಎಐ ಇವೆಲ್ಲ ಈ ಕೆಲಸಕ್ಕೆ ಆಮೇಲೆ ಬಂದು ಸೇರಿದ ಸಲಕರಣೆಗಳು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ (ತಿರುಗುವ ಶಾಫ್ಟನ್ನು ಹೊರುವ, ಗುಂಡುಗಳಿರುವ ಬಳೆ) ಕೂತ ಹೌಸಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದ ಫಿಟ್ಟರ್ ಮಾಡುತ್ತಿದ್ದುದೂ ಇದನ್ನೇ.

ತಾರೀಖು ನೋಡಿ ಬದಲಿಸಿದರೆ ಸಾಲದೇ? ಎಷ್ಟೋ ಭಾಗಗಳಿಗೆ ಸಾಲದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ಕೋಸ್ಟಲ್ ಕಮಾಂಡ್ ವಿಮಾನಗಳ ರಿಪೇರಿ ದಾಖಲೆಗಳನ್ನು ವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ತಂಡ ಪರಿಶೀಲಿಸಿತು. 50 ಗಂಟೆಗೊಮ್ಮೆ ನಡೆಯುತ್ತಿದ್ದ ತಪಾಸಣೆ ಮುಗಿದ ಕೂಡಲೇ ಅನಿರೀಕ್ಷಿತ ರಿಪೇರಿಗಳು ಜಾಸ್ತಿಯಾಗಿ, ಆಮೇಲೆ ನಿಧಾನಕ್ಕೆ ಇಳಿಯುತ್ತಿದ್ದವು. ಚೆನ್ನಾಗಿ ಓಡುತ್ತಿದ್ದುದನ್ನು ಬಿಚ್ಚಿ ಜೋಡಿಸುವುದರಲ್ಲೇ ತೊಂದರೆ ಹುಟ್ಟುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಕೊಟ್ಟ ವರದಿಯ ಪ್ರಕಾರ, ಅವರು ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಂಭವ ಏರುವಂಥವು ಶೇ. 11 ಮಾತ್ರ. ಬೇರಿಂಗಿನ ವಿಷಯವೂ ಹೀಗೆಯೇ. ಕ್ಯಾಟಲಾಗಿನಲ್ಲಿ ಎಲ್10 ಎಂದು ಬರೆದಿರುವ ಆಯಸ್ಸು ನೂರರಲ್ಲಿ ಹತ್ತು ಬೇರಿಂಗ್ ಕೆಡುವಷ್ಟು ಹೊತ್ತು. ಅರ್ಧದಷ್ಟು ಬೇರಿಂಗ್‌ಗಳು ಅದರ ಸುಮಾರು ಐದು ಪಟ್ಟು ಬಾಳುತ್ತವೆ. ಎಲ್10 ಬಂತೆಂದು ಎಲ್ಲವನ್ನೂ ಕಿತ್ತು ಹಾಕಿದರೆ, ನೂರರಲ್ಲಿ ತೊಂಬತ್ತನ್ನು ಆಯಸ್ಸಿರುವಾಗಲೇ ಎಸೆದಂತೆ.

ಈ ಪದದ ತಿರುಳು ಇರುವುದು ಪಿ–ಎಫ್ ಅಂತರದಲ್ಲಿ. ದೋಷ ಮೊದಲ ಬಾರಿಗೆ ಅಳತೆಗೆ ಸಿಗುವ ಗಳಿಗೆ ಪಿ. ಯಂತ್ರ ಕೆಲಸಕ್ಕೆ ಬಾರದಂತಾಗುವ ಗಳಿಗೆ ಎಫ್. ಇವೆರಡರ ನಡುವೆ ಸಿಗುವ ಕಾಲವೇ ನಮ್ಮ ಬಂಡವಾಳ. ಒಂದೇ ದೋಷಕ್ಕೆ ಅಳೆಯುವ ವಿಧಾನದ ಮೇಲೆ ಈ ಅಂತರ ಬದಲಾಗುತ್ತದೆ. ಬೇರಿಂಗಿನ ದೋಷ ಕಂಪನದಲ್ಲಿ ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳ ಮುಂಚೆ ಕಾಣುತ್ತದೆ. ಕಿವಿಗೆ ಕೇಳುವ ಸದ್ದು ಬಂತೆಂದರೆ ಉಳಿದಿರುವುದು ದಿನಗಳು. ಕೈಯಿಟ್ಟರೆ ಸುಡುತ್ತದೆ ಎನ್ನುವ ಹೊತ್ತಿಗೆ ಉಳಿದಿರುವುದು ಬರೀ ಗಂಟೆಗಳೂ ಆಗಿರಬಹುದು.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು ಎಂಬುದನ್ನೂ ಇದೇ ಹೇಳುತ್ತದೆ. ಅಂತರ ಎಂಟು ವಾರ, ನಾವು ನಾಲ್ಕು ವಾರಕ್ಕೊಮ್ಮೆ ಅಳೆಯುತ್ತೇವೆ ಎಂದಿಟ್ಟುಕೊಳ್ಳಿ. ಒಂದು ಅಳತೆ ಮುಗಿದ ಮರುದಿನವೇ ದೋಷ ಶುರುವಾದರೆ ಅದು ಸಿಗುವುದು ಮುಂದಿನ ಅಳತೆಯಲ್ಲಿ. ಕೈಯಲ್ಲಿ ಉಳಿಯುವುದು ನಾಲ್ಕು ವಾರ. ಬೇರಿಂಗ್ ತರಿಸಲು ಆರು ವಾರ ಬೇಕಾದರೆ ಆ ಮುನ್ಸೂಚನೆಯಿಂದ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಅಳೆದಿದ್ದರೆ ಏಳು ವಾರ ಉಳಿಯುತ್ತಿತ್ತು. ಸೆನ್ಸರನ್ನು ಕಾಯಂ ಆಗಿ ಅಂಟಿಸುವುದರ ನಿಜವಾದ ಲಾಭ ಇದು. ಸೆನ್ಸರ್ ದೋಷವನ್ನು ತಡೆಯುವುದಿಲ್ಲ, ಅಳತೆಗಳ ನಡುವಿನ ಕಾಲವನ್ನು ಕುಗ್ಗಿಸುತ್ತದೆ.

ಈಗ ಒಂದು ಬೇರಿಂಗನ್ನೇ ಹತ್ತಿರದಿಂದ ನೋಡೋಣ. ಪಂಪಿಗೆ ಜೋಡಿಸಿದ 1.5 ಕಿಲೋವ್ಯಾಟ್ ಮೋಟಾರು, ನಿಮಿಷಕ್ಕೆ 1440 ಸುತ್ತು, ಒಳಗೆ 6205 ಬೇರಿಂಗ್: ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ಅಗಲ 15, ಗುಂಡುಗಳು ಒಂಬತ್ತು. ಶಾಫ್ಟ್ ಸೆಕೆಂಡಿಗೆ 24 ಸುತ್ತುತ್ತದೆ. ಔಟರ್ ರೇಸಿನಲ್ಲಿ, ಅಂದರೆ ಗುಂಡುಗಳು ಉರುಳುವ ಹೊರಬಳೆಯಲ್ಲಿ, ಸಣ್ಣ ಚಕ್ಕೆ ಎದ್ದರೆ ಹಾದುಹೋಗುವ ಪ್ರತಿ ಗುಂಡೂ ಅಲ್ಲಿ ಬಡಿಯುತ್ತದೆ: ಶಾಫ್ಟಿನ ಪ್ರತಿ ಸುತ್ತಿನಲ್ಲಿ 3.585 ಬಡಿತ, ಅಂದರೆ ಸೆಕೆಂಡಿಗೆ 86, ಇದೇ 86 ಹರ್ಟ್ಸ್. ಇನ್ನರ್ ರೇಸಿನಲ್ಲಾದರೆ (ಒಳಬಳೆ) ಪ್ರತಿ ಸುತ್ತಿನಲ್ಲಿ 5.415, ಅಂದರೆ 130 ಹರ್ಟ್ಸ್. ಕ್ಯಾಟಲಾಗ್ ಕೈಯಲ್ಲಿಲ್ಲದಿದ್ದರೆ ಗುಂಡುಗಳ ಸಂಖ್ಯೆಯನ್ನು ವೇಗದಿಂದ ಗುಣಿಸಿ, ಔಟರಿಗೆ ಅದರ 0.4, ಇನ್ನರಿಗೆ 0.6 ಹಿಡಿಯಿರಿ, ಇಲ್ಲಿ 86.4 ಮತ್ತು 129.6 ಬರುತ್ತದೆ, ಪತ್ತೆಗೆ ಅಷ್ಟು ಸಾಕು. ಇನ್ನರ್ ರೇಸ್ ಶಾಫ್ಟಿನ ಜೊತೆ ತಿರುಗುವುದರಿಂದ ಅದರ ಚಕ್ಕೆ ಲೋಡ್ ಇರುವ ಕಡೆಗೆ ಬಂದಾಗ ಜೋರಾಗಿ, ಆಚೆ ಹೋದಾಗ ಮೆಲ್ಲಗೆ ಬಡಿಯುತ್ತದೆ. ಹಾಗಾಗಿ ಕಂಪನದ ಗ್ರಾಫಿನಲ್ಲಿ 130ರ ಶಿಖರದ ಎರಡೂ ಪಕ್ಕದಲ್ಲಿ 24 ಹರ್ಟ್ಸ್ ಅಂತರಕ್ಕೆ ಮರಿ ಶಿಖರಗಳು ಏಳುತ್ತವೆ.

ಶುರುವಿನಲ್ಲಿ ಈ ಬಡಿತಕ್ಕೆ ಬಲವೇ ಇರುವುದಿಲ್ಲ. ಅದು ಮೋಟಾರಿನ ಮೈಯನ್ನು ಕೆಲವು ಸಾವಿರ ಹರ್ಟ್ಸ್‌ನಲ್ಲಿ ಕ್ಷಣಕಾಲ ಮಿಡಿಸಿ ಸುಮ್ಮನಾಗುತ್ತದೆ. ಆ ಮೇಲಿನ ಪಟ್ಟಿಯನ್ನಷ್ಟೇ ಸೋಸಿ, ಮಿಡಿತ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತಿದೆ ಎಂದು ನೋಡುವ ವಿಧಾನಕ್ಕೆ ಎನ್ವಲಪ್ ಅನಾಲಿಸಿಸ್ ಎನ್ನುತ್ತಾರೆ. ಅಗ್ಗದ ಸೆನ್ಸರುಗಳು 10ರಿಂದ 1000 ಹರ್ಟ್ಸ್‌ವರೆಗಿನ ಒಟ್ಟು ಕಂಪನದ ಒಂದೇ ಸಂಖ್ಯೆ ಕೊಡುತ್ತವೆ. ಕಂಪನದ ಹಳೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816 (ಈಗ ಅದರ ಜಾಗದಲ್ಲಿ ಐಎಸ್‌ಒ 20816 ಇದೆ) ಪ್ರಕಾರ 15 ಕಿಲೋವ್ಯಾಟ್ ಒಳಗಿನ ಮೋಟಾರಿಗೆ ಕಂಪನದ ವೇಗ ಸೆಕೆಂಡಿಗೆ 1.8 ಮಿ.ಮೀ. ದಾಟಿದರೆ ಬಹುಕಾಲ ಓಡಿಸುವಂತಿಲ್ಲ, 4.5 ದಾಟಿದರೆ ಅಪಾಯ. ಅಸಮತೋಲನ, ಕಪ್ಲಿಂಗ್ ಅಲೈನ್‌ಮೆಂಟ್ ತಪ್ಪಿರುವುದು, ಸಡಿಲ ಬೋಲ್ಟ್, ಇಷ್ಟನ್ನು ಹಿಡಿಯಲು ಆ ಸಂಖ್ಯೆ ಒಳ್ಳೆಯದು. ಬೇರಿಂಗಿನ ಚಕ್ಕೆಯನ್ನು ಮಾತ್ರ ಅದು ತುಂಬ ತಡವಾಗಿ ತೋರಿಸುತ್ತದೆ. ಸೆನ್ಸರ್ ಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಇದು: ಎಷ್ಟು ಹರ್ಟ್ಸ್‌ವರೆಗೆ ಅಳೆಯುತ್ತದೆ, ಎನ್ವಲಪ್ ಕೊಡುತ್ತದೆಯೇ?

ಸೆನ್ಸರನ್ನು ಎಲ್ಲಿ ಕೂರಿಸುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. ಫ್ಯಾನ್ ಕವರ್ ಮೇಲೆ ಅಂಟಿಸಿದರೆ ತಗಡಿನ ಕುಣಿತ ಅಳೆದಂತೆ. ಬೇರಿಂಗ್ ಕೂತ ಎಂಡ್‌ಶೀಲ್ಡ್ (ಮೋಟಾರಿನ ತುದಿಯ ಗಟ್ಟಿ ಮುಚ್ಚಳ) ಮೇಲೆ, ಪೇಂಟ್ ಕೆರೆದು, ಸಮತಟ್ಟು ಮಾಡಿ ಕೂರಿಸಬೇಕು. ಸ್ಟಡ್ ಹಾಕಿ ತಿರುಗಿಸಿದ್ದು ಹತ್ತು ಸಾವಿರ ಹರ್ಟ್ಸ್ ಆಸುಪಾಸಿನವರೆಗೂ ನಂಬಿಕೆಗೆ ಅರ್ಹ. ಮ್ಯಾಗ್ನೆಟ್ ಸುಮಾರು ಎರಡು ಸಾವಿರದಿಂದಾಚೆಗೆ ಅನುಮಾನ. ಹೊಸ ಬೇರಿಂಗ್ ಹಾಕಿ ಹದಕ್ಕೆ ಬಂದ ಮೇಲೆ, ಮಾಮೂಲಿ ಲೋಡಿನಲ್ಲಿ ಬೇಸ್‌ಲೈನ್, ಅಂದರೆ ಮುಂದೆ ಹೋಲಿಸಲು ಬೇಕಾದ ಅಳತೆ, ತೆಗೆದುಕೊಳ್ಳಿ. ಅದರ ಎರಡು ಪಟ್ಟಾದರೆ ಎಚ್ಚರಿಕೆ ಎಂದು ಹಿಡಿಯುವುದು ರೂಢಿ. ವಿಎಫ್‌ಡಿಯಲ್ಲಿ (ಮೋಟಾರಿನ ವೇಗ ಏರಿಳಿಸುವ ಸಾಧನ) ಓಡುವ ಮೋಟಾರಾದರೆ ವೇಗವನ್ನೂ ಜೊತೆಗೆ ದಾಖಲಿಸಿ. 1440ರಲ್ಲಿ 86 ಇದ್ದದ್ದು 1000ಕ್ಕೆ ಇಳಿದಾಗ 60 ಹರ್ಟ್ಸ್ ಆಗುತ್ತದೆ, ಹುಡುಕುವ ಜಾಗವೇ ಬದಲಾಗುತ್ತದೆ.

ಎರಡು ಸಂಗತಿ ಜನರನ್ನು ಪದೇಪದೇ ದಾರಿತಪ್ಪಿಸುತ್ತವೆ. ಗ್ರೀಸ್ ಹೊಡೆದ ಕೂಡಲೇ ಸದ್ದು ಇಳಿದರೆ ವಾಸಿಯಾಯಿತೆಂದು ಬಿಡುತ್ತಾರೆ. ಗಂಟೆಗಳಲ್ಲೋ ದಿನಗಳಲ್ಲೋ ಸದ್ದು ವಾಪಸ್ ಬಂದರೆ ಚಕ್ಕೆ ಎದ್ದಿದೆ ಎಂದೇ ಅರ್ಥ. ಗ್ರೀಸ್ ಅತಿಯಾದರೂ ಬೇರಿಂಗ್ ಬಿಸಿಯೇರುತ್ತದೆ. ಹೊರವ್ಯಾಸ, ಅಗಲ ಎರಡನ್ನೂ ಮಿ.ಮೀ.ನಲ್ಲಿ ಗುಣಿಸಿ 0.005ರಿಂದ ಮತ್ತೆ ಗುಣಿಸಿದರೆ ಬೇಕಾದ ಗ್ರಾಂ ಸಿಗುತ್ತದೆ. 6312 ಎಂಬ ದೊಡ್ಡ ಬೇರಿಂಗಿಗೆ 130 × 31 × 0.005, ಅಂದರೆ ಸುಮಾರು 20 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆ ಎಂದು ಒಮ್ಮೆ ತೂಗಿ ಬರೆದಿಡಿ. ಎರಡೂ ಕಡೆ ಸೀಲ್ ಇರುವ 6205ಕ್ಕೆ ಈ ಗೊಡವೆ ಬೇಡ. ಇನ್ನೊಂದು, ಕೊನೆಯ ಹಂತದಲ್ಲಿ ಶಿಖರಗಳು ತಗ್ಗುವುದು. ಚಕ್ಕೆಯ ಅಂಚು ಸವೆದು ದುಂಡಾಗಿ, 86 ಹರ್ಟ್ಸ್‌ನ ಮೊನೆ ಮಂಕಾಗಿ, ತಳದ ಗದ್ದಲವೆಲ್ಲ ಒಟ್ಟಿಗೆ ಮೇಲೇಳುತ್ತದೆ. ಸುಧಾರಿಸಿತು ಎನಿಸುವ ಆ ಹೊತ್ತಿನಲ್ಲೇ ಯಂತ್ರ ನಿಲ್ಲಿಸಬೇಕು.

ಎಐ ಇಲ್ಲಿ ಏನು ಮಾಡುತ್ತದೆ? ಬಹುಪಾಲು ಕಡೆ ಅದು ‘ಇಂಥ ದಿನ ಕೆಡುತ್ತದೆ’ ಎನ್ನುವುದಿಲ್ಲ. ‘ಇದು ಎಂದಿನಂತಿಲ್ಲ’ ಎನ್ನುತ್ತದೆ. ಒಂದು ಕಾರ್ಖಾನೆಯಲ್ಲಿ ನಿಜವಾಗಿ ಕೆಟ್ಟ ಉದಾಹರಣೆಗಳು ತೀರಾ ಕಮ್ಮಿ, ಕಲಿಯಲು ಅಷ್ಟು ಸಾಲದು. 200 ಸೆನ್ಸರುಗಳು ದಿನಕ್ಕೊಂದು ತೀರ್ಮಾನ ಕೊಟ್ಟು, ನೂರಕ್ಕೆ ಒಂದು ತಪ್ಪಿದರೂ ತಿಂಗಳಿಗೆ 60 ಸುಳ್ಳು ಅಲಾರಂ. ಎರಡನೇ ತಿಂಗಳಿಗೆ ಯಾರೂ ಫೋನ್ ತೆರೆದು ನೋಡುವುದಿಲ್ಲ. ಆದ್ದರಿಂದ ನಿಂತರೆ ಲೈನೇ ನಿಲ್ಲುವ ಹತ್ತು ಯಂತ್ರಗಳಿಂದ ಶುರು ಮಾಡುವುದೇ ಸರಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ರ‍್ಯಾಕಿನಲ್ಲಿ ಬದಲಿ ಮೋಟಾರು ಸಿದ್ಧವಿರುವ ಎಕ್ಸಾಸ್ಟ್ ಫ್ಯಾನು ಕೆಡುವವರೆಗೂ ಓಡಲಿ. ಎಲೆಕ್ಟ್ರಾನಿಕ್ ಕಾರ್ಡಿನಂತೆ ಸುಳಿವೇ ಕೊಡದೆ ಹೋಗುವ ಭಾಗಗಳಿಗೆ ಪಿ–ಎಫ್ ಅಂತರವೇ ಇಲ್ಲ. ಅಲ್ಲಿ ಕಾಯುವುದು ಸ್ಪೇರ್ ಮಾತ್ರ.

ಸಕ್ಕರೆ ಕಾರ್ಖಾನೆಯಂಥ ಹಂಗಾಮಿನ ಉದ್ಯಮದಲ್ಲಿ ಈ ಲೆಕ್ಕಕ್ಕೆ ಬೆಲೆ ಇನ್ನೂ ಹೆಚ್ಚು. ಬೆಳಗಾವಿ, ಬಾಗಲಕೋಟೆ ಕಡೆ ಅರೆಯುವ ತಿಂಗಳುಗಳಲ್ಲಿ ಮಿಲ್ ನಿಂತರೆ, ಕಡಿದು ತಂದ ಕಬ್ಬು ಗಾಡಿಯಲ್ಲೇ ಒಣಗಿ ಇಳುವರಿ ಕಳೆದುಕೊಳ್ಳುತ್ತದೆ. ಆದರೆ ಅರೆಯುವ ರೋಲರ್ ನಿಮಿಷಕ್ಕೆ ಕೆಲವೇ ಸುತ್ತು ತಿರುಗುವುದರಿಂದ ಮೇಲೆ ಹೇಳಿದ ಕಂಪನದ ಲೆಕ್ಕ ಅಲ್ಲಿ ನಡೆಯದು. ಅಲ್ಲಿ ನೋಡಬೇಕಾದದ್ದು ರೋಲರನ್ನು ಹೊತ್ತ ಬುಷ್‌ನ ಬಿಸಿ ಮತ್ತು ಗೇರ್‌ಬಾಕ್ಸ್ ಎಣ್ಣೆಯಲ್ಲಿ ಸಿಗುವ ಲೋಹದ ಕಣಗಳು.

ಆಸ್ಪತ್ರೆಗೂ ಇದೇ ಪದ ಬಂದಿದೆ. ಬಹುಪಾಲು ಎಂಆರ್‌ಐ ಯಂತ್ರಗಳ ಅಯಸ್ಕಾಂತ ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಲ್ಲಿರುತ್ತದೆ. ತಂಪು ಹಿಡಿದಿಡುವ ಕೋಲ್ಡ್ ಹೆಡ್ ಸೋತರೆ ಹೀಲಿಯಂ ಆವಿಯಾಗತೊಡಗುತ್ತದೆ; ಅದರ ಮಟ್ಟ, ಒತ್ತಡಗಳನ್ನು ದೂರದಿಂದಲೇ ಗಮನಿಸುತ್ತಾರೆ. 2021ರ ಕೋವಿಡ್ ಅಲೆಯ ಹೊತ್ತಿಗೆ ಜಿಲ್ಲಾ ಆಸ್ಪತ್ರೆಗಳಿಗೆ ಬಂದ, ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಘಟಕಗಳಲ್ಲೂ ಇದು ಬೇಕು. ಡ್ರೈಯರ್ ಕೆಟ್ಟು ತೇವದ ಗಾಳಿ ಒಳಹೋದರೆ ನೈಟ್ರೋಜನ್ ಹೀರುವ ಜಿಯೊಲೈಟ್ ಹಾಳಾಗಿ, 93ರ ಸುತ್ತ ಇರಬೇಕಾದ ಆಕ್ಸಿಜನ್ ಶೇಕಡಾವಾರು ಕುಸಿಯುತ್ತದೆ. ಶುದ್ಧತೆಯ ಮೀಟರ್ ಇಳಿಯುವುದು ಹಾನಿಯಾದ ಮೇಲೆ. ಡ್ರೈಯರಿನಿಂದ ಹೊರಬರುವ ಗಾಳಿಯ ತೇವ ಅಳೆದರೆ ಮುಂಚೆಯೇ ಗೊತ್ತಾಗುತ್ತದೆ.

ಇಷ್ಟೆಲ್ಲ ಬಂದ ಮೇಲೆ ಫಿಟ್ಟರಿನ ಕೆಲಸ ಕಮ್ಮಿಯಾಗಿಲ್ಲ, ಬೇರೆಯಾಗಿದೆ. ರಾತ್ರಿ ಪಾಳಿಯ ಓಡಾಟ ತಗ್ಗಿ, ಬಿಚ್ಚಿದ ಬೇರಿಂಗನ್ನು ಓದುವ ಕೆಲಸ ಬಂದಿದೆ. ಜಾಬ್ ಕಾರ್ಡಿನಲ್ಲಿ ‘ಬೇರಿಂಗ್ ಬದಲಿಸಿದೆ’ ಎಂದಷ್ಟೇ ಬರೆದರೆ ಯಾವ ಸಾಫ್ಟ್‌ವೇರೂ ಏನನ್ನೂ ಕಲಿಯದು. ಹಳೆಯದನ್ನು ಕತ್ತರಿಸಿ ನೋಡಿ. ರೇಸಿನ ಮೇಲೆ ವಾಷ್‌ಬೋರ್ಡಿನಂತೆ ಸಾಲುಗೆರೆಗಳಿದ್ದರೆ ವಿಎಫ್‌ಡಿಯಿಂದ ಶಾಫ್ಟಿನಲ್ಲಿ ಕರೆಂಟ್ ಹರಿದಿದೆ. ಗ್ರೌಂಡಿಂಗ್ ಬ್ರಷ್ ಅಥವಾ ಇನ್ಸುಲೇಟೆಡ್ ಬೇರಿಂಗ್ ಬೇಕು. ಗುಂಡುಗಳಷ್ಟೇ ಅಂತರದಲ್ಲಿ ಚೂಪಾದ ತಗ್ಗುಗಳಿದ್ದರೆ ಕೂರಿಸುವಾಗ ಸುತ್ತಿಗೆಯಿಂದ ಹೊಡೆದಿದ್ದಾರೆ. ಅದೇ ಅಂತರದಲ್ಲಿ ಸವೆದು ಮಂಕಾದ ಗುರುತುಗಳಿದ್ದರೆ ಸ್ಟ್ಯಾಂಡ್‌ಬೈ ಪಂಪು ತಿರುಗದೆ ನಿಂತು ಪಕ್ಕದ ಯಂತ್ರದ ಅದುರಾಟ ತಿಂದಿದೆ. ವಾರಕ್ಕೊಮ್ಮೆ ಅದನ್ನು ಓಡಿಸಬೇಕು. ಹೊರಮೈಯಲ್ಲಿ ಕೆಂಪು ಪುಡಿ ಕಂಡರೆ ಹೌಸಿಂಗ್ ಸಡಿಲ. ನೀಲಿ ತಿರುಗಿದ್ದರೆ ಅತಿ ಕಾವು. ಇವನ್ನು ತಾರೀಖು, ಓಡಿದ ಗಂಟೆ, ಬಿಚ್ಚುವ ಮುಂಚಿನ ಗ್ರಾಫ್, ಒಂದು ಫೋಟೊ ಜೊತೆಗೆ ಬರೆದಿಟ್ಟರೆ ಮುಂದಿನ ಬಾರಿ 86ರಲ್ಲಿ ಶಿಖರ ಎದ್ದಾಗ ಎಷ್ಟು ವಾರ ಉಳಿದಿದೆ ಎಂದು ಆ ಯಂತ್ರದ ದಾಖಲೆಯಿಂದಲೇ ಹೇಳಬಹುದು.