ಗೇಮ್ ತಡವರಿಸುವುದು ಮತ್ತು ಪ್ರೊಸೆಸರ್ ಬಿಸಿ: ಒಂದು ಅಧ್ಯಯನ ಟಿಪ್ಪಣಿ

ಗೇಮ್ ಮಧ್ಯೆ ಮಧ್ಯೆ ತಡವರಿಸುತ್ತಿದ್ದರೆ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) ನೋಡಿ ಪ್ರಯೋಜನ ಇಲ್ಲ. ನೋಡಬೇಕಾದ್ದು ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿಯುವ ಸಮಯ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಬೇಕು ಅಂದರೆ 6.9 ಮಾತ್ರ. ಎಲ್ಲಾ ಫ್ರೇಮ್ ಸರಿಯಾಗಿ ಬಂದು ಒಂದೇ ಒಂದು 60 ಮಿಲಿಸೆಕೆಂಡ್ ತೆಗೆದುಕೊಂಡರೂ ಕಣ್ಣಿಗೆ ರಾಚುತ್ತದೆ. ಸರಾಸರಿಯಲ್ಲಿ ಮಾತ್ರ ಅದು ಕಾಣುವುದೇ ಇಲ್ಲ.

ಇದರಲ್ಲಿ ಬಿಸಿಯ ಪಾತ್ರ ಏನು? ಪ್ರತಿ ಪ್ರೊಸೆಸರ್‌ಗೂ ತಾಪಮಾನದ ಒಂದು ಗರಿಷ್ಠ ಮಿತಿ ಇರುತ್ತದೆ. ಎಎಂಡಿ ಕಂಪನಿಯ ರೈಜೆನ್ 7 5800ಎಕ್ಸ್‌ಗೆ 90 ಡಿಗ್ರಿ, ರೈಜೆನ್ 7 7700ಎಕ್ಸ್‌ಗೆ 95, ಇಂಟೆಲ್ ಕೋರ್ ಐ9 13900ಕೆಗೆ 100. ಆ ಮಿತಿ ಮುಟ್ಟಿದ ಕೂಡಲೇ ಚಿಪ್ ತನ್ನನ್ನು ಉಳಿಸಿಕೊಳ್ಳಲು ಕ್ಲಾಕ್ ವೇಗ (ತಾನು ಕೆಲಸ ಮಾಡುವ ವೇಗ) ಇಳಿಸುತ್ತದೆ. ಇದೇ ಥರ್ಮಲ್ ಥ್ರಾಟ್ಲಿಂಗ್. 100–200 ಮೆಗಾಹರ್ಟ್ಸ್ ಇಳಿದರೆ ಆಡುವವರಿಗೆ ಗೊತ್ತೂ ಆಗುವುದಿಲ್ಲ. ವೇಗ ಒಮ್ಮೆಲೇ ಬಿದ್ದು, ಸ್ವಲ್ಪ ತಣ್ಣಗಾಗಿ, ಮತ್ತೆ ಏರಿ, ಮತ್ತೆ ಬಿದ್ದರೆ ಆಗ ತಡವರಿಕೆ ಶುರು. ಹಾಗಾಗಿ ನಮಗೆ ಬೇಕಿರುವುದು ತೀರಾ ತಣ್ಣನೆಯ ಪ್ರೊಸೆಸರ್ ಅಲ್ಲ, ಕ್ಲಾಕ್ ಅಲುಗಾಡದೆ ನಿಲ್ಲುವಷ್ಟು ತಂಪು. 65 ಡಿಗ್ರಿಗೂ 75 ಡಿಗ್ರಿಗೂ ಗೇಮಿನಲ್ಲಿ ಏನೂ ವ್ಯತ್ಯಾಸ ಕಾಣದು. ಆ ಹತ್ತು ಡಿಗ್ರಿಗಾಗಿ ದುಡ್ಡು ಸುರಿಯುವುದು ಸುಮ್ನೆ ದಂಡ.

ಮೊದಲು ಕಳ್ಳ ಯಾರೆಂದು ಗೊತ್ತಾಗಲಿ

ತಾಪಮಾನ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತರಹದ ತಂತ್ರಾಂಶ ಹಾಕಿಕೊಂಡು, ಲಾಗ್ ಮಾಡಲು (ದಾಖಲಿಸಲು) ಬಿಟ್ಟು, ಅರ್ಧ ಗಂಟೆ ಆಡಿ. ಐದು ನಿಮಿಷ ಸಾಲದು, ಕೂಲರ್ (ಪ್ರೊಸೆಸರ್ ಮೇಲೆ ಕೂರಿಸುವ ತಂಪುಕಾರಕ) ಮತ್ತು ಕೇಸ್ ಒಳಗಿನ ಗಾಳಿ ಪೂರ್ತಿ ಬಿಸಿಯಾಗಲು ಸಮಯ ಬೇಕು. ಆಮೇಲೆ ತಾಪಮಾನ, ಕ್ಲಾಕ್, ವಿದ್ಯುತ್ ಬಳಕೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಡವರಿಸಿದ ಕ್ಷಣದಲ್ಲಿ 99 ಡಿಗ್ರಿ ಇದ್ದು, ಕ್ಲಾಕ್ 4.8ರಿಂದ 3.4 ಗಿಗಾಹರ್ಟ್ಸ್‌ಗೆ ಬಿದ್ದಿದೆ ಅಂದುಕೊಳ್ಳಿ. ಆಗ ಬಿಸಿಯೇ ಕಾರಣ, ಅನುಮಾನ ಬೇಡ. 72 ಡಿಗ್ರಿ ಇದ್ದು ಕ್ಲಾಕ್ 4.8ರಲ್ಲೇ ನಿಂತಿದ್ದರೆ ಕೂಲರ್ ಮುಟ್ಟಲೇಬೇಡಿ. ರ್‍ಯಾಮ್ ತುಂಬಿರಬಹುದು, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದಿರಬಹುದು. ಶೇಡರ್ (ಗ್ರಾಫಿಕ್ಸ್ ಬಿಡಿಸುವ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗುವಾಗಲೂ ಹೀಗೇ ಆಗುತ್ತದೆ. ಒಂದು ಜಾಗಕ್ಕೆ ಮೊದಲ ಸಲ ಹೋದಾಗ ತಡವರಿಸಿ, ಎರಡನೇ ಸಲ ಸರಾಗವಾಗಿ ಓಡಿದರೆ ಬಹುಮಟ್ಟಿಗೆ ಅದೇ. ಬಿಸಿಯಿಂದ ಬರುವ ತೊಂದರೆ ಇದಕ್ಕೆ ಉಲ್ಟಾ: ಶುರುವಿನಲ್ಲಿ ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಕೆಡುತ್ತದೆ.

ಇನ್ನೊಂದು ಸಾಧ್ಯತೆಯನ್ನು ಬಹಳ ಜನ ಮರೆಯುತ್ತಾರೆ. ತಾಪಮಾನ 70 ಇದ್ದೂ ಕ್ಲಾಕ್ ಇಳಿಯುತ್ತಿದ್ದರೆ ಅದು ಬಹುಮಟ್ಟಿಗೆ ವಿದ್ಯುತ್ ಮಿತಿ, ಅಂದರೆ ಚಿಪ್ ಇಷ್ಟೇ ವಿದ್ಯುತ್ ಬಳಸಬೇಕು ಎಂಬ ಮಿತಿ. 13900ಕೆಗೆ ಇಂಟೆಲ್ ಕೊಟ್ಟಿರುವ ಮೂಲ ಮಿತಿ 125 ವ್ಯಾಟ್, ಟರ್ಬೊ (ಹೆಚ್ಚಿನ ವೇಗದ) ಮಿತಿ 253 ವ್ಯಾಟ್. ಮದರ್‌ಬೋರ್ಡ್ ಇದನ್ನು ಬಿಗಿಯಾಗಿ ಹಿಡಿದಿದ್ದರೆ ಎಂಥಾ ಕೂಲರ್ ತಂದರೂ ಉಪಯೋಗ ಇಲ್ಲ.

ಬಿಸಿ ಏರುವ ರೀತಿಯಲ್ಲೇ ಉತ್ತರ ಇದೆ

ಲೋಡ್ ಬಿದ್ದ ಕೆಲವೇ ಸೆಕೆಂಡಿನಲ್ಲಿ ಮಿತಿ ಮುಟ್ಟಿತಾ? ಹಾಗಾದರೆ ಚಿಪ್‌ನ ಬಿಸಿ ಕೂಲರ್‌ಗೆ ದಾಟುತ್ತಲೇ ಇಲ್ಲ. ಸ್ಕ್ರೂ ಸಡಿಲ ಇರಬಹುದು, ಚಿಪ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟ್ ಒಣಗಿರಬಹುದು, ಲಿಕ್ವಿಡ್ ಕೂಲರ್ ಆದರೆ ಪಂಪ್ ನಿಂತಿರಬಹುದು. ಹೊಸ ಕೂಲರ್‌ನ ತಳದ ಪ್ಲಾಸ್ಟಿಕ್ ಹಾಳೆ ಕೀಳದೆ ಕೂರಿಸಿರುವುದೂ ಉಂಟು, ನಗಬೇಡಿ. ಹತ್ತು–ಇಪ್ಪತ್ತು ನಿಮಿಷ ತೆಗೆದುಕೊಂಡು ನಿಧಾನಕ್ಕೆ ಏರಿತಾ? ಆಗ ಗಾಳಿಯ ಓಡಾಟ ಸರಿ ಇಲ್ಲ. ಕೇಸಿನ ಪಕ್ಕದ ಬಾಗಿಲು ತೆಗೆದು ಆಡಿ ನೋಡಿ. ಏಳೆಂಟು ಡಿಗ್ರಿ ಇಳಿದರೆ ಕೂಲರ್ ತಪ್ಪೇನಿಲ್ಲ, ಕೇಸ್ ಉಸಿರಾಡುತ್ತಿಲ್ಲ. ಮುಂದಿನ ಜಾಲರಿಯ ಧೂಳು ತೆಗೆಯಿರಿ. ಮುಂದಿನ ಫ್ಯಾನ್ ಗಾಳಿ ಒಳಗೆ ತರಬೇಕು, ಹಿಂದಿನದು ಮತ್ತು ಮೇಲಿನದು ಹೊರಗೆ ಹಾಕಬೇಕು. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರಗಿರ ತಿರುಗಲು ಬಿಡಬೇಡಿ.

ಪೇಸ್ಟ್ ಬಗ್ಗೆ ಸ್ವಲ್ಪ ವಿವರವಾಗಿ. ಚಿಪ್ ಮೇಲ್ಮೈ, ಕೂಲರ್ ತಳ ಎರಡೂ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ಗಾಳಿಯ ಸಂದು ಇರುತ್ತದೆ. ಗಾಳಿ ಬಿಸಿಯನ್ನು ಸಾಗಿಸುವುದರಲ್ಲಿ ತುಂಬಾ ದುರ್ಬಲ. ಪೇಸ್ಟ್‌ನ ಕೆಲಸ ಆ ಸಂದು ತುಂಬುವುದು, ಅಷ್ಟೇ. ತಾಮ್ರದ ಮುಂದೆ ಪೇಸ್ಟ್ ಕೂಡ ಕಳಪೆಯೇ, ಆದ್ದರಿಂದ ಪದರ ತೆಳುವಾಗಿದ್ದಷ್ಟೂ ಒಳ್ಳೆಯದು. ಕೂಲರ್ ತೆಗೆಯುವಾಗ ಒಂದು ಎಚ್ಚರ: ಎಎಂಡಿಯ ಎಎಂ4 ಸಾಕೆಟ್‌ನಲ್ಲಿ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಿ. ಒಣಗಿದ ಪೇಸ್ಟ್ ಅಂಟಿದ್ದಾಗ ನೇರ ಮೇಲಕ್ಕೆ ಎಳೆದರೆ ಲಾಕ್ ಆಗಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತದೆ. ಸ್ವಲ್ಪ ಹೊತ್ತು ಆಡಿ ಪೇಸ್ಟ್ ಬೆಚ್ಚಗಾಗಲಿ. ಆಮೇಲೆ ಕರೆಂಟ್ ತೆಗೆದು, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿ.

ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದು

ನನಗೆ ಇಷ್ಟವಾದ ಭಾಗ ಇದು, ಏಕೆಂದರೆ ಪುಕ್ಕಟೆ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ ಕ್ಲಾಕ್ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ಮಾತ್ರ ಅದರ ವರ್ಗದಂತೆ (ವೋಲ್ಟೇಜ್ × ವೋಲ್ಟೇಜ್). 1.30 ವೋಲ್ಟ್ ಅನ್ನು 1.20ಕ್ಕೆ ಇಳಿಸಿದರೆ ಅದೇ ಕ್ಲಾಕ್‌ನಲ್ಲಿ ಈ ವಿದ್ಯುತ್ ಸುಮಾರು 15% ಕಡಿಮೆ. ಇದೇ ಅಂಡರ್‌ವೋಲ್ಟ್. ರೈಜೆನ್ 5000 ಮತ್ತು 7000 ಸರಣಿಯಲ್ಲಿ ಬಯೋಸ್ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಒಳಗಿನ ಕರ್ವ್ ಆಪ್ಟಿಮೈಜರ್ ಇದಕ್ಕೇ ಇದೆ. ಸ್ವಲ್ಪ ಸ್ವಲ್ಪವೇ ಇಳಿಸಿ ಪರೀಕ್ಷಿಸಿ. ಅತಿ ಮಾಡಿದರೆ ಗೇಮ್ ಕ್ರ್ಯಾಶ್ ಆಗುತ್ತದೆ, ಆಗ ಹಿಂದಿನ ಹಂತಕ್ಕೆ ಬನ್ನಿ. ಇದಕ್ಕಿಂತ ಸುಲಭದ್ದು ಎಫ್‌ಪಿಎಸ್ ಮಿತಿ. ಸೆಕೆಂಡಿಗೆ 144 ಸಲ ಮಾತ್ರ ಚಿತ್ರ ಬದಲಿಸುವ 144 ಹರ್ಟ್ಸ್ ಮಾನಿಟರ್‌ಗೆ 230 ಫ್ರೇಮ್ ತಯಾರಿಸಿ ಪ್ರೊಸೆಸರ್ ಬೆವರುವುದು ಯಾಕೆ, ಅಲ್ವಾ?

ಲ್ಯಾಪ್‌ಟಾಪ್‌ನಲ್ಲಿ ಈ ಎಫ್‌ಪಿಎಸ್ ಮಿತಿಯೇ ಮೊದಲ ಮದ್ದು. ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಹಂಚಿಕೊಳ್ಳುತ್ತವೆ, ಒಂದರ ಬಿಸಿ ಇನ್ನೊಂದಕ್ಕೂ ತಗಲುತ್ತದೆ. ಫ್ರೇಮ್ ಕಡಿಮೆ ಮಾಡಿದರೆ ಎರಡರ ಹೊರೆಯೂ ಇಳಿಯುತ್ತದೆ. ಹಿಂಬದಿಯನ್ನು ಒಂದೆರಡು ಇಂಚು ಎತ್ತಿ, ಕೆಳಗಿನ ಗಾಳಿಕಿಂಡಿ ತೆರೆದಿರುವಂತೆ ಇಡಿ. ಹಾಸಿಗೆ ಮೇಲಿಟ್ಟು ಆಡಿದರೆ ಆ ಕಿಂಡಿ ಪೂರ್ತಿ ಮುಚ್ಚಿಹೋಗುತ್ತದೆ.