ಕ್ಯಾಂಪರ್ ವ್ಯಾನ್ ತಂದರೆ ಆನೆಗೊಂದಿ ಕಡೆ ಓಡಾಡುವುದು ಹೇಗೆ?

ಓದುಗರ ಪ್ರಶ್ನೆ: ಮಕ್ಕಳು, ಅತ್ತೆ, ಮಾವ ಎಲ್ಲರೂ ಸೇರಿ ಕ್ಯಾಂಪರ್ ವ್ಯಾನ್‌ನಲ್ಲಿ ಗಂಗಾವತಿ ಕಡೆ ಬರುತ್ತಿದ್ದೇವೆ. ಆನೆಗೊಂದಿ, ಅಂಜನಾದ್ರಿ, ಹಂಪಿ ಎಲ್ಲವನ್ನೂ ವ್ಯಾನ್‌ನಲ್ಲೇ ಸುತ್ತಬಹುದಾ?

ವ್ಯಾನ್‌ನಲ್ಲಿ ಸುತ್ತಲು ಹೋಗಬೇಡಿ. ಊರಿಂದ ಊರಿಗೆ ಹೋಗಲು, ರಾತ್ರಿ ಮಲಗಲು ಅದು ಸರಿ. ಹಗಲು ತಂಗಿದ ಜಾಗದಲ್ಲೇ ಬಿಡಿ.

ನಾವು ಸಾಣಾಪುರದ ಹತ್ತಿರ ಒಂದು ತೋಟದವರನ್ನು ಕೇಳಿ ವ್ಯಾನ್ ನಿಲ್ಲಿಸಿದ್ದೆವು. ಮರುದಿನ, ಆನೆಗೊಂದಿ ಇಲ್ಲೇ ಇದೆ ಅಲ್ವಾ ಅಂತ ಅದನ್ನೇ ತೆಗೆದುಕೊಂಡು ಹೊರಟೆವು. ಡಿಸೆಂಬರ್, ಭತ್ತದ ಸುಗ್ಗಿ. ಕಾಲುವೆ ಪಕ್ಕದ ರಸ್ತೆಯಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ಹುಲ್ಲು ಎರಡೂ ಕಡೆ ಚಾಚಿಕೊಂಡಿತ್ತು. ಮಾವ ಇಳಿದು ಹಿಂದೆ ನಿಂತು ಕೈ ತೋರಿಸುತ್ತಾ ಹೋದರು, ನಾನು ರಿವರ್ಸ್ ತೆಗೆಯುತ್ತಾ ಹೋದೆ. ಒಂದು ಚಕ್ರ ಕಾಲುವೆ ಏರಿಗೆ ಬಂದಾಗ ಒಳಗಿದ್ದ ಮಕ್ಕಳ ಮುಖ ನೋಡಿ ಜೀವ ಬಾಯಿಗೆ ಬಂದಿತ್ತು. ಸುಗ್ಗಿಯಲ್ಲಿ ಆ ರಸ್ತೆ ರೈತರದ್ದು. ನಾವು ದಾರಿ ಬಿಡಬೇಕು.

ಆಮೇಲೆ ನಮ್ಮ ಕೈ ಹಿಡಿದದ್ದು ಟಂಟಂ, ಅಂದರೆ ಜನ ಹಂಚಿಕೊಂಡು ಹೋಗುವ ಆಟೊ. ಗಂಗಾವತಿ, ಆನೆಗೊಂದಿ ನಡುವೆ ಓಡುತ್ತವೆ, ಕೈ ಮಾಡಿದರೆ ನಿಲ್ಲಿಸುತ್ತಾರೆ. "ಎಷ್ಟು ಮಂದಿ ಅದೀರಿ?" ಅನ್ನುವುದೇ ಮೊದಲ ಮಾತು. ಸೀಟಿನ ಲೆಕ್ಕವೋ, ಪೂರ್ತಿ ಗಾಡಿಯೋ ಅಂತ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ವಯಸ್ಸಾದವರು ಇದ್ದರೆ ಅರ್ಧ ದಿನಕ್ಕೆ ಪೂರ್ತಿ ಗಾಡಿ ಮಾಡಿಕೊಳ್ಳುವುದೇ ವಾಸಿ.

ಸಾರಿಗೆ ಬಸ್ಸೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಅತ್ತೆಯವರ ಆಧಾರ್ ಕಾರ್ಡ್ ಮರೆಯದೆ ಇಟ್ಟುಕೊಳ್ಳಿ.

ಅಂಜನಾದ್ರಿಗೆ ಬೆಳಿಗ್ಗೆ ಬೇಗ ಹೋಗಿ. 575 ಮೆಟ್ಟಿಲು. ಬಿಸಿಲೇರಿದರೆ ಕಲ್ಲು ಕಾದು ಬರಿಗಾಲಿಗೆ ಕಷ್ಟ. ಶನಿವಾರ ಜನ ಜಾಸ್ತಿ. ಡಿಸೆಂಬರ್‌ನಲ್ಲಿ ಹನುಮ ಮಾಲೆ ಹಾಕಿದವರು ಬರುವ ದಿನಗಳಲ್ಲಂತೂ ದೊಡ್ಡ ಗಾಡಿ ಆ ಕಡೆ ತರಲೇಬೇಡಿ. ಆನೆಗೊಂದಿ ಊರೊಳಗೆ ಗಗನ ಮಹಲ್, ರಂಗನಾಥ ಗುಡಿ ನಡೆದೇ ನೋಡಬಹುದು.

ಹಂಪಿಗೆ ಎರಡು ದಾರಿ. ಒಂದು, ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟುವುದು. ಮಕ್ಕಳಿಗೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ. ಆದರೆ ಲೈಫ್ ಜಾಕೆಟ್ ಕೇಳಿ ಹಾಕಿಸಿ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಹರಿಗೋಲು ನಿಲ್ಲುತ್ತದೆ. ಆಗ ಹಟ ಮಾಡಬೇಡಿ, ಕಡೆಬಾಗಿಲು ಸೇತುವೆ ಮೇಲಿಂದ ಬುಕ್ಕಸಾಗರದ ಕಡೆಗೆ ಟಂಟಂ ಮಾಡಿಕೊಳ್ಳಿ. ಅದೇ ಎರಡನೇ ದಾರಿ. ಹಂಪಿಯಲ್ಲಿ ಗೆಜ್ಜಲ ಮಂಟಪದಿಂದ ವಿಜಯವಿಠ್ಠಲ ಗುಡಿಗೆ ಯಾರ ಗಾಡಿಯನ್ನೂ ಬಿಡುವುದಿಲ್ಲ, ಅಲ್ಲಿ ನಡೆಯಬೇಕು, ಇಲ್ಲವೇ ಬ್ಯಾಟರಿ ಗಾಡಿ ಹತ್ತಬೇಕು.

ಕತ್ತಲಾದ ಮೇಲೆ ಸಾಣಾಪುರದ ಕಡೆ ಗಾಡಿ ಸಿಗುವುದು ಕಷ್ಟ. ಬೆಳಿಗ್ಗೆ ಬಿಟ್ಟುಹೋದ ಟಂಟಂ ಅಣ್ಣನ ನಂಬರ್ ತೆಗೆದುಕೊಂಡು, ಎಷ್ಟು ಗಂಟೆಗೆ ಎಲ್ಲಿಗೆ ಬರಬೇಕು ಅಂತ ಆಗಲೇ ಹೇಳಿಬಿಡಿ.