ಹೆಚ್ಚಿಗೆ ಹಾಕಿದ ಎಲೆಗೆ ಕೂರುವವರು ಯಾರು?

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ‘ಮಾರ್ಚ್ ಮ್ಯಾಡ್‌ನೆಸ್’ನಲ್ಲಿ 68 ತಂಡಗಳಿವೆ. ಅದನ್ನು 76ಕ್ಕೆ ಏರಿಸಿದರೆ ತಪ್ಪೇನು? ಇನ್ನೊಂದಷ್ಟು ಹುಡುಗರಿಗೆ ಆಡಲು ಅವಕಾಶ ಸಿಕ್ಕರೆ ಒಳ್ಳೆಯದೇ ಅಲ್ಲವೇ?

ಉತ್ತರ: ಅವಕಾಶ ಸಿಗಬೇಕು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ಆದರೂ ಈಗಿನ ಆಯ್ಕೆಯ ಪದ್ಧತಿಯನ್ನು ಹಾಗೇ ಇಟ್ಟುಕೊಂಡು ಸಂಖ್ಯೆ ಮಾತ್ರ ಏರಿಸುವುದು ಬೇಡ ಎಂದೇ ಹೇಳುತ್ತೇನೆ. ಊಟದ ಪಂಕ್ತಿಯಲ್ಲಿ ಎಂಟು ಎಲೆ ಹೆಚ್ಚಿಗೆ ಹಾಕಿದರೆ ಹೊರಗೆ ಕಾದು ನಿಂತವರು ಬಂದು ಕೂರುತ್ತಾರೆ ಅಂದುಕೊಳ್ಳುತ್ತೇವೆ. ಈ ಟೂರ್ನಿಯಲ್ಲಿ ಹಾಗಾಗುವುದು ಅಪರೂಪ.

ಮೊದಲು, ಸೀಟು ಸಿಗುವ ಬಗೆ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲ್ದರ್ಜೆಯಲ್ಲಿ, ಅಂದರೆ ಡಿವಿಷನ್ ಒಂದರಲ್ಲಿ, 360ಕ್ಕೂ ಹೆಚ್ಚು ಕಾಲೇಜುಗಳಿವೆ. ಇವು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಹಂಚಿಹೋಗಿವೆ. ಋತುವಿನ ಕೊನೆಗೆ ಪ್ರತಿ ಕಾನ್ಫರೆನ್ಸ್ ನಡೆಸುವ ತನ್ನದೇ ಟೂರ್ನಿಯನ್ನು ಗೆದ್ದ ಚಾಂಪಿಯನ್ನಿಗೆ ನೇರ ಪ್ರವೇಶ. 2025ರಲ್ಲಿ ಹೀಗೆ ಬಂದ ತಂಡಗಳು 31. ಉಳಿದ 37 ಸೀಟುಗಳನ್ನು ತುಂಬುವುದು ಆಯ್ಕೆ ಸಮಿತಿ. ಸೀಟು ಹೆಚ್ಚಿಸುವುದು ಎಂದರೆ ಸಮಿತಿ ತುಂಬುವ ಈ ಎರಡನೇ ಬಗೆಯ ಸೀಟುಗಳನ್ನು ಹೆಚ್ಚಿಸುವುದು. ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ.

ಟೂರ್ನಿ ಬೆಳೆದದ್ದೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. 1939ರಲ್ಲಿ ಶುರುವಾದಾಗ ಆಡಿದ್ದು ಎಂಟೇ ತಂಡ. 1974ರವರೆಗೂ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡ ಎಂಬ ಕಟ್ಟುನಿಟ್ಟು ಇತ್ತು. ಆ ವರ್ಷ ಎಸಿಸಿ ಕಾನ್ಫರೆನ್ಸಿನ ಫೈನಲ್‌ನಲ್ಲಿ ಮೇರಿಲ್ಯಾಂಡ್ ತಂಡ ಹೆಚ್ಚುವರಿ ಅವಧಿಗೆ ಹೋದ ಪಂದ್ಯವನ್ನು ನಾರ್ತ್ ಕ್ಯಾರೊಲಿನಾ ಸ್ಟೇಟ್‌ಗೆ 103-100ರಲ್ಲಿ ಸೋತಿತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್ ಮೂರು ಅಂಕದಿಂದ ಸೋತು ಮನೆಗೆ ಹೋಯಿತು. ಗೆದ್ದ ತಂಡ ಮುಂದೆ ಯುಸಿಎಲ್‌ಎಯ ಸತತ ಏಳು ಪ್ರಶಸ್ತಿಗಳ ಓಟವನ್ನು ಮುರಿದು ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷವೇ ಟೂರ್ನಿ 32 ತಂಡಗಳಿಗೆ ಬೆಳೆದು, ಕಾನ್ಫರೆನ್ಸಿನ ಎರಡನೇ ತಂಡಕ್ಕೂ ಬಾಗಿಲು ತೆರೆಯಿತು. ಅದು ನ್ಯಾಯವಾದ ವಿಸ್ತರಣೆ. 1985ರಲ್ಲಿ 64 ಆದದ್ದೂ ಸರಿಯೇ. ಆ ಮೊದಲ ವರ್ಷವೇ ಎಂಟನೇ ಸೀಡ್ (ಸೀಡ್ ಎಂದರೆ ಬಲದ ಲೆಕ್ಕದ ಸ್ಥಾನ; ಒಂದು ಅತಿ ಮೇಲಿನದು, ಹದಿನಾರು ಅತಿ ಕೆಳಗಿನದು) ವಿಲನೋವಾ 66-64ರಲ್ಲಿ ಜಾರ್ಜ್‌ಟೌನನ್ನು ಸೋಲಿಸಿ ಪ್ರಶಸ್ತಿ ಎತ್ತಿತು. 64 ಎಂದರೆ ಆರು ಸುತ್ತಿನ ನಾಕೌಟ್, ಆಡದೆಯೇ ಮುಂದಿನ ಸುತ್ತಿಗೆ ಹೋಗುವ ‘ಬೈ’ ಯಾರಿಗೂ ಇಲ್ಲ, ಒಂದೇ ಹಾಳೆಯಲ್ಲಿ ಇಡೀ ಬ್ರ್ಯಾಕೆಟ್, ಅಂದರೆ ಯಾರ ಎದುರು ಯಾರು ಎಂಬ ನಕ್ಷೆ.

ನನಗೆ ಅಸಮಾಧಾನ ಶುರುವಾಗುವುದು 2001ರಿಂದ. ಆ ವರ್ಷ ನೇರ ಪ್ರವೇಶ ಪಡೆಯುವ ಹೊಸ ಕಾನ್ಫರೆನ್ಸ್ ಒಂದು ಸೇರಿತು. ಸಮಿತಿಯ 34 ಸೀಟುಗಳಲ್ಲಿ ಒಂದನ್ನು ಬಿಟ್ಟುಕೊಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅದರ ಬದಲು ಟೂರ್ನಿಯನ್ನು 65ಕ್ಕೆ ಏರಿಸಿ, ಅತಿ ಕೆಳಗಿನ ಎರಡು ತಂಡಗಳು ಒಹಾಯೊದ ಡೇಟನ್‌ನಲ್ಲಿ ಮೊದಲು ತಮ್ಮತಮ್ಮಲ್ಲೇ ಆಡಲಿ ಎಂದರು. ಆಡಿದ್ದು ನಾರ್ತ್‌ವೆಸ್ಟರ್ನ್ ಸ್ಟೇಟ್ ಮತ್ತು ವಿಂತ್ರಾಪ್. ಎರಡೂ ತಮ್ಮ ಕಾನ್ಫರೆನ್ಸನ್ನು ಗೆದ್ದೇ ಬಂದಿದ್ದವು. ದೊಡ್ಡವರ ಸೀಟು ಉಳಿಸುವುದಕ್ಕೆ ಬೆಲೆ ತೆತ್ತದ್ದು ಸಣ್ಣವರು. 2011ರಲ್ಲಿ 68 ಆಯಿತು. ಹೊಸ ಮೂರು ಸೀಟುಗಳೂ ಸಮಿತಿಯ ಕೈಗೇ ಹೋದವು. ಡೇಟನ್‌ನಲ್ಲಿ ನಡೆಯುವ ‘ಫಸ್ಟ್ ಫೋರ್’ ಎಂಬ ನಾಲ್ಕು ಪಂದ್ಯಗಳಲ್ಲಿ ಎರಡು ಈಗಲೂ ಸಣ್ಣ ಚಾಂಪಿಯನ್ನರ ನಡುವೆಯೇ.

ಇದಕ್ಕೆ ಗಟ್ಟಿಯಾದ ಎದುರುವಾದವೂ ಇದೆ. ಅದೇ 2011ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್, ಅಂದರೆ ವಿಸಿಯು, ಡೇಟನ್‌ನಿಂದ ಹೊರಟು ಐದು ಪಂದ್ಯ ಗೆದ್ದು ಫೈನಲ್ ಫೋರ್, ಅಂದರೆ ಸೆಮಿಫೈನಲ್, ತಲುಪಿತು. ದಾರಿಯಲ್ಲಿ ಕ್ಯಾನ್ಸಸ್‌ನಂಥ ಘಟಾನುಘಟಿಯನ್ನೂ ಮಣಿಸಿತು. ಈ ತಂಡಕ್ಕೆ ಸೀಟು ಕೊಟ್ಟದ್ದೇ ತಪ್ಪು ಎಂದು ಟೀವಿಯಲ್ಲಿ ಟೀಕಿಸಿದವರಿದ್ದರು. ವಿಸ್ತರಣೆ ಬೇಕೆನ್ನುವವರು ಈ ಉದಾಹರಣೆ ಕೊಟ್ಟರೆ ನಾನು ಒಪ್ಪಿಕೊಳ್ಳುತ್ತೇನೆ. ವಿಸಿಯುವಿನಂಥ ತಂಡಗಳಿಗೇ ಸೀಟು ಹೋಗುವುದಾದರೆ ಎಂಟಲ್ಲ, ಹನ್ನೆರಡು ಕೊಡಿ ಎನ್ನುತ್ತೇನೆ.

ಹೋಗುತ್ತವೆಯೇ? ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಮೊದಲ ನಾಲ್ಕು ತಂಡಗಳ ಹೆಸರನ್ನು ಸಮಿತಿ ಪ್ರತಿವರ್ಷ ಹೇಳುತ್ತದೆ. 2024ರಲ್ಲಿ ಅವು ಓಕ್ಲಹೋಮಾ, ಸೀಟನ್ ಹಾಲ್, ಪಿಟ್ಸ್‌ಬರ್ಗ್ ಮತ್ತು ಇಂಡಿಯಾನಾ ಸ್ಟೇಟ್. 2025ರಲ್ಲಿ ವೆಸ್ಟ್ ವರ್ಜೀನಿಯಾ, ಇಂಡಿಯಾನಾ, ಒಹಾಯೊ ಸ್ಟೇಟ್ ಮತ್ತು ಬಾಯ್ಸಿ ಸ್ಟೇಟ್. ಎರಡು ವರ್ಷದ ಎಂಟು ಹೆಸರಲ್ಲಿ ದೊಡ್ಡ ಕಾನ್ಫರೆನ್ಸಿನವು ಆರು. ಅದೇ 2025ರಲ್ಲಿ 16 ತಂಡಗಳ ಎಸ್‌ಇಸಿ ಕಾನ್ಫರೆನ್ಸಿನಿಂದ 14 ತಂಡಗಳು ಟೂರ್ನಿಗೆ ಬಂದಿದ್ದವು. ಅವುಗಳಲ್ಲಿ ಒಂದಾದ ಟೆಕ್ಸಸ್ ತನ್ನ ಕಾನ್ಫರೆನ್ಸಿನಲ್ಲಿ ಗೆದ್ದದ್ದು 6, ಸೋತದ್ದು 12. ಜನವರಿಯಿಂದ ಮಾರ್ಚ್‌ವರೆಗೆ ಬಲಿಷ್ಠರ ಎದುರು ಆಡಿ ತಮ್ಮ ಶಕ್ತಿ ತೋರಿಸಲು ಇಂಥ ತಂಡಗಳಿಗೆ ಹದಿನೆಂಟು ಅವಕಾಶ ಸಿಕ್ಕಿರುತ್ತದೆ. ಸಣ್ಣ ಕಾನ್ಫರೆನ್ಸಿನ ತಂಡಕ್ಕೆ ಆ ಭಾಗ್ಯವಿಲ್ಲ. ದೊಡ್ಡ ಕಾಲೇಜುಗಳು ಅವರ ಅಂಗಳಕ್ಕೆ ಆಡಲು ಬರುವುದೂ ಕಡಿಮೆ.

ಇನ್ನು 76ರ ಲೆಕ್ಕ. ಮುಖ್ಯ ಬ್ರ್ಯಾಕೆಟ್ 64ರದ್ದೇ ಆಗಿ ಉಳಿಯಬೇಕಾದರೆ 24 ತಂಡಗಳು ಮೊದಲೇ 12 ಪಂದ್ಯ ಆಡಬೇಕು. ಈಗ ಆಡುವುದು ಎಂಟು ತಂಡ, ನಾಲ್ಕು ಪಂದ್ಯ. ಈಗಿನ ಹಾಗೆ ಅರ್ಧಕ್ಕರ್ಧ ಹಂಚಿದರೆ 12 ಸಣ್ಣ ಚಾಂಪಿಯನ್ನರು ಆ ಮೊದಲ ಸುತ್ತಿಗೆ ಇಳಿಯುತ್ತಾರೆ. ಕಾನ್ಫರೆನ್ಸ್ ಗೆದ್ದು, ವಾಡಿಕೆಯಂತೆ ಬುಟ್ಟಿಯ ಬಲೆ ಕತ್ತರಿಸಿ ಸಂಭ್ರಮಿಸಿದ ಆ ಹನ್ನೆರಡು ತಂಡಗಳ ಹುಡುಗರಲ್ಲಿ ಅರ್ಧದಷ್ಟು ಜನ, ದೇಶವೆಲ್ಲ ಟೀವಿ ಮುಂದೆ ಕೂರುವ ಗುರುವಾರಕ್ಕೆ ಮೊದಲೇ ಮನೆ ಸೇರಿರುತ್ತಾರೆ.

ಅಲ್ಲಿ ಗೆದ್ದರೆ ಹಣ ಬರುತ್ತದಲ್ಲ ಎನ್ನಬಹುದು. ನಿಜ. ಟೂರ್ನಿಯಲ್ಲಿ ಆಡಿದ ಪಂದ್ಯಗಳ ಲೆಕ್ಕದಲ್ಲಿ ಕಾನ್ಫರೆನ್ಸಿಗೆ ‘ಯೂನಿಟ್’ ಸಿಗುತ್ತದೆ. ಒಂದು ಯೂನಿಟ್ ಎಂದರೆ ಆರು ವರ್ಷಗಳಲ್ಲಿ ಹೆಚ್ಚುಕಡಿಮೆ 20 ಲಕ್ಷ ಡಾಲರ್, ಸಣ್ಣ ಕಾನ್ಫರೆನ್ಸಿಗೆ ದೊಡ್ಡ ಮೊತ್ತವೇ. ಆದರೆ ಆ ಹುಡುಗರು ನಾಲ್ಕು ವರ್ಷ ಬೆವರು ಸುರಿಸುವುದು ದೊಡ್ಡವರ ಎದುರು ನಿಲ್ಲುವ ಒಂದು ದಿನಕ್ಕಾಗಿ.

ಆ ಒಂದು ದಿನ ಹೇಗಿರುತ್ತದೆ ಎನ್ನುವುದಕ್ಕೆ 2023ರ ಮಾರ್ಚ್ 17ನ್ನು ನೋಡಿ. ನ್ಯೂಜೆರ್ಸಿಯ ಫೇರ್ಲೀ ಡಿಕಿನ್ಸನ್ ತಂಡ ಬುಧವಾರ ರಾತ್ರಿ ಡೇಟನ್‌ನಲ್ಲಿ ಗೆದ್ದು, ಶುಕ್ರವಾರ ಕೊಲಂಬಸ್‌ನಲ್ಲಿ ಒಂದನೇ ಸೀಡ್ ಪರ್ಡ್ಯೂ ಎದುರು ನಿಂತಿತು. ಇಡೀ ಡಿವಿಷನ್ನಿನಲ್ಲಿ ಅತಿ ಕುಳ್ಳಗಿನ ತಂಡ ಅದು. ಎದುರಿಗೆ 7 ಅಡಿ 4 ಇಂಚಿನ ಜ್ಯಾಕ್ ಈಡಿ. ಅವನಿಗೆ ಚೆಂಡು ತಲುಪದಂತೆ ಮುಂದೊಬ್ಬ ಹಿಂದೊಬ್ಬ ನಿಂತು, ಅಂಗಳದುದ್ದಕ್ಕೂ ಓಡಿ ಓಡಿ ಕಾಡಿದರು. ಕೊಲಂಬಸ್ಸಿನ ಹುಡುಗನೇ ಆದ ಶಾನ್ ಮೂರ್ ತನ್ನೂರಿನ ಜನರ ಮುಂದೆ 19 ಅಂಕ ಗಳಿಸಿದ. 63-58. ಒಂದನೇ ಸೀಡನ್ನು ಹದಿನಾರನೇ ಸೀಡ್ ಸೋಲಿಸಿದ್ದು ಪುರುಷರ ಟೂರ್ನಿಯ ಚರಿತ್ರೆಯಲ್ಲಿ ಅದು ಎರಡನೇ ಸಲ. 2011ರ ವಿಶ್ವಕಪ್‌ನಲ್ಲಿ ನಮ್ಮ ಚಿನ್ನಸ್ವಾಮಿ ಅಂಗಳದಲ್ಲಿ ಐರ್ಲೆಂಡ್ 327 ರನ್ ಬೆನ್ನಟ್ಟಿ ಇಂಗ್ಲೆಂಡನ್ನು ಸೋಲಿಸಿದ್ದನ್ನು ಕಂಡವರಿಗೆ ಆ ರಾತ್ರಿಯ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

2026ರ ಟೂರ್ನಿಯನ್ನು 68ಕ್ಕೇ ನಿಲ್ಲಿಸಿದರು. ಮುಂದೆ ಏರಿಸುವುದಾದರೆ ಎರಡು ಷರತ್ತು ಇರಲಿ. ಕಾನ್ಫರೆನ್ಸ್ ಗೆದ್ದ ಯಾವ ತಂಡವನ್ನೂ ಮೊದಲ ಸುತ್ತಿಗೆ ತಳ್ಳಬಾರದು, ಅಲ್ಲಿ ಸಮಿತಿ ಆರಿಸಿದ ತಂಡಗಳೇ ಆಡಲಿ. ಹೊಸ ಸೀಟುಗಳಲ್ಲಿ ಅರ್ಧವನ್ನಾದರೂ, ಇಡೀ ಋತುವಿನಲ್ಲಿ ತನ್ನ ಕಾನ್ಫರೆನ್ಸಿಗೆ ಮೊದಲಾಗಿ ನಿಂತು ಕೊನೆಯ ವಾರ ಒಂದು ಪಂದ್ಯ ಸೋತ ತಂಡಗಳಿಗೆ ಮೀಸಲಿಡಲಿ. ಮಹಿಳೆಯರ ಟೂರ್ನಿಗೂ ಇದೇ ಮಾತು. 2022ರಿಂದ ಅದರಲ್ಲೂ 68 ತಂಡಗಳಿವೆ.

ಮೇಲಿನ ಪಟ್ಟಿಯ ಇಂಡಿಯಾನಾ ಸ್ಟೇಟ್ ಅಂಥದ್ದೇ ತಂಡ. 28 ಗೆಲುವು, 6 ಸೋಲು, ಕಾನ್ಫರೆನ್ಸಿನಲ್ಲಿ ಮೊದಲ ಸ್ಥಾನ. ಕೊನೆಗೆ ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್ ಎದುರು ಸೋತಿತು, ಸಮಿತಿ ಕರೆಯಲಿಲ್ಲ. ಎನ್‌ಐಟಿ ಎಂಬ ಎರಡನೇ ಸಾಲಿನ ಟೂರ್ನಿಗೆ ಹೋಗಿ, ಫೈನಲ್ ತನಕ ಆಡಿ, ತನ್ನ ಹಾಗೇ ಸೀಟು ತಪ್ಪಿದ್ದ ಸೀಟನ್ ಹಾಲ್‌ಗೆ ಎರಡು ಅಂಕದಿಂದ ಸೋತಿತು.